ಮಕ್ಕಳು ಮನೆಗೆ ಬಂದು ಎರಡು ವರ್ಷ

ಎಲ್ಲರಿಗೂ ನಮಸ್ಕಾರ. ಈ ವಾರಕ್ಕೆ ನನ್ನ ತಂಗಿಯ ಮಕ್ಕಳು ನಮ್ಮ ಮನೆಗೆ ಬಂದು ಎರಡು ವರ್ಷ ತುಂಬಿತು. ಹುಡುಗಿಗೆ ಈಗ 11, ಹುಡುಗನಿಗೆ 6. ಅವರ ಹೆಸರು, ಫೋಟೋ ಹಾಕುವುದಿಲ್ಲ. ಬರೆದದ್ದನ್ನು ಮೊದಲು ಹುಡುಗಿಗೆ ಓದಿ ಹೇಳಿದ್ದೇನೆ, ಅವಳು "ಇದು ಬ್ಯಾಡ ದೊಡ್ಡವ್ವ" ಅಂದದ್ದನ್ನೆಲ್ಲ ತೆಗೆದಿದ್ದೇನೆ.

ನಮ್ಮದು ಕೊಪ್ಪಳದ ಭಾಗ್ಯನಗರ. ನನ್ನದು ಕೂದಲು ಬಿಡಿಸುವ ಕೆಲಸ, ಅಂದರೆ ಗೋದಾಮಿನ ಸಿಕ್ಕುಗಟ್ಟಿದ ತಲೆಗೂದಲನ್ನು ಎಳೆ ಎಳೆಯಾಗಿ ಬಿಡಿಸುವುದು. ಊರು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಇಲ್ಲಿ ಎಷ್ಟೋ ಮನೆಗಳಲ್ಲಿ ಹೆಂಗಸರು ಒಂದಾ ಮಗ್ಗದ ಕೆಲಸದಲ್ಲಿ ಇಲ್ಲಾ ಕೂದಲಿನ ಮುಂದೆ ಕೂತಿರುತ್ತಾರೆ. ನಮ್ಮ ಮನೆಯವರು ಟಂಟಂ ಓಡಿಸುತ್ತಾರೆ.

ತಂಗಿ ಮತ್ತು ಅವಳ ಗಂಡ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಅಲ್ಲೇ ಜಡ್ಡಾಗಿ ತಂಗಿ ತೀರಿಕೊಂಡಳು. ಊರಿಗೆ ತಂದು ಮಣ್ಣು ಮಾಡಿದ ಮೇಲೆ ಮಕ್ಕಳನ್ನು ನನ್ನ ಹತ್ತಿರ ಬಿಡು ಅಂದೆ, ಅವರಪ್ಪ ಒಪ್ಪಲಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಅಂತ ಕರೆದುಕೊಂಡು ಹೋದ. ಆಮೇಲೆ ಅವನ ಫೋನ್ ಹತ್ತಲೇ ಇಲ್ಲ. ನಾನು ನಾಲ್ಕು ತಿಂಗಳು ಸುಮ್ನೆ ಕೂತೆ. ಆ ನೋವು ಇವತ್ತಿಗೂ ಹೋಗಿಲ್ಲ. ಆ ಹೊತ್ತಿಗೆ ಮಕ್ಕಳು ಶೆಡ್ಡಿನಲ್ಲಿ ಇಬ್ಬರೇ ಇದ್ದರಂತೆ, ಪಕ್ಕದ ಶೆಡ್ಡಿನವರು ನೋಡಲಾರದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರಂತೆ. ಹುಡುಗಿಯನ್ನು ಬಾಲಕಿಯರ ಬಾಲಮಂದಿರಕ್ಕೆ ಕಳಿಸಿದರು. ತಮ್ಮನಿಗೆ 6 ವರ್ಷ ಆಗಿರಲಿಲ್ಲ, ಅವನನ್ನು ಶಿಶುಮಂದಿರಕ್ಕೆ ಕಳಿಸಿದರು. ಅವ್ವ ಇಲ್ಲ, ಅಪ್ಪ ಇಲ್ಲ, ಈಗ ತಮ್ಮನೂ ಕಣ್ಣ ಮುಂದಿಲ್ಲ. ಹುಡುಗಿ ಮಾತೇ ಬಿಟ್ಟಳು.

ಅದಕ್ಕೇ ನನ್ನ ಮೊದಲ ಕೈಮುಗಿತ ಆ ಬಾಲಮಂದಿರದ ಅಕ್ಕನಿಗೆ. ದಿನಾ ರಾತ್ರಿ ತಲೆ ಬಾಚುವಾಗ ಹುಡುಗಿಯ ಹತ್ತಿರ ಏನಾದರೂ ಮಾತಾಡುತ್ತಾ ಇರುತ್ತಿದ್ದರಂತೆ, ಉತ್ತರ ಬರದಿದ್ದರೂ ಬಿಡುತ್ತಿರಲಿಲ್ಲವಂತೆ. ಒಂದು ರಾತ್ರಿ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ನೋಡಿ ಇವಳು ತಾನಾಗೇ ಅಂದಳಂತೆ: "ನಮ್ಮ ದೊಡ್ಡವ್ವ ಕೂದಲು ಬಿಡಸ್ತಾಳ." ಎಲ್ಲಿ ಅಂದರೆ, "ಗವಿಮಠದ ಜಾತ್ರಿ ಆಗ್ತದಲ್ಲ, ಅಲ್ಲಿ." ಅಷ್ಟೇ ಸಾಕಾಯಿತು. ಗವಿಮಠ ಅಂದರೆ ಕೊಪ್ಪಳ, ಕೂದಲಿನ ಕೆಲಸ ಅಂದರೆ ಭಾಗ್ಯನಗರ. ಕೊಪ್ಪಳದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ತಮ್ಮ ಒಬ್ಬ, ನನ್ನ ತಂಗಿಯ ಹೆಸರು ಹಿಡಿದುಕೊಂಡು ಓಣಿ ಓಣಿ ತಿರುಗಿ, ಮೂರನೇ ದಿನ ನಮ್ಮ ಬಾಗಿಲಿಗೆ ಬಂದ. ಬಿಸಿಲಲ್ಲಿ ಬಂದವನಿಗೆ ನೀರು ಕೊಡಬೇಕು ಅನ್ನುವುದೂ ನನಗೆ ಆಗ ತೋಚಲಿಲ್ಲ. ತಮ್ಮಾ, ನೀನು ಇದನ್ನು ಓದಿದರೆ ಮನೆಗೆ ಬಾ, ಊಟ ಮಾಡಿ ಹೋಗುವಿಯಂತೆ.

ಇಂಥ ಮಕ್ಕಳನ್ನು ಯಾರ ಕೈಗೆ ಒಪ್ಪಿಸಬೇಕು ಅಂತ ತೀರ್ಮಾನ ಮಾಡುವುದು ಮಕ್ಕಳ ಕಲ್ಯಾಣ ಸಮಿತಿ ಅಂದಾಗ ನಾನು ಹೆದರಿದ್ದೆ. ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರ ಇರುತ್ತದೆ. ಅದಕ್ಕೂ ಮೊದಲು ಮನೆಗೆ ಬಂದು ಎಷ್ಟು ಕೋಣೆ, ಎಷ್ಟು ದುಡಿಮೆ, ಯಾರು ಯಾರು ಇದ್ದೀರಿ ಅಂತ ಎಲ್ಲ ಬರೆದುಕೊಂಡು ಹೋಗಿದ್ದರು. ಬಡತನ ನೋಡಿ ಕೊಡುವುದಿಲ್ಲ ಅಂದರೆ ಏನು ಮಾಡಲಿ ಅನ್ನೋ ಚಿಂತೆ. ಆದರೆ ಸಮಿತಿಯ ಮೇಡಂ ಒಬ್ಬರು ನನ್ನನ್ನು ಬಿಟ್ಟು ಹುಡುಗಿಯನ್ನೇ ಕೇಳಿದರು, ಯಾರ ಹತ್ತಿರ ಇರುತ್ತೀಯವ್ವ ಅಂತ. ಇವಳು "ತಮ್ಮ ಎಲ್ಲಿರ್ತಾನ ಅಲ್ಲಿ" ಅಂದಳು. ಇಬ್ಬರನ್ನೂ ಒಂದೇ ದಿನ ನನ್ನ ಜೊತೆ ಕಳಿಸಿದರು. ಆ ಮೇಡಮ್ಮಿಗೆ ನನ್ನ ನಮಸ್ಕಾರ.

ಮನೆಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದ, ಜೀಪಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರುತ್ತಿದ್ದ. ಹುಡುಗಿ ಅವನಿಗೆ ನನ್ನ ಕೈಯಿಂದ ತುತ್ತು ಹಾಕಲು ಬಿಡುತ್ತಿರಲಿಲ್ಲ, ತಾನೇ ಉಣಿಸಬೇಕು, ತಾನೇ ಸ್ನಾನ ಮಾಡಿಸಬೇಕು. ಒಂದಿನ ದಿಂಬು ಎತ್ತಿದರೆ ಕೆಳಗೆ ಆರು ರೊಟ್ಟಿ, ಬೂಸರು ಬಂದಿದ್ದವು. ನಾನು ಬೈದೆ. ಕೇಳಿದರೆ ಕೊಡುತ್ತಿರಲಿಲ್ಲವಾ ಅಂತ ಜೋರು ಮಾಡಿದೆ. ಅವಳು ಅಳಲಿಲ್ಲ. ಹೋಗಿ ತಮ್ಮನ ಚಪ್ಪಲಿ ಹಾಕತೊಡಗಿದಳು. ಇನ್ನು ಕಳಿಸಿಬಿಡುತ್ತಾರೆ ಅಂತ ತಿಳಿದಿದ್ದಳು.

ಆ ಸಂಜೆ ನಾನು ಹೋಗಿ ಅತ್ತದ್ದು ಹಿಂದಿನ ಓಣಿಯ ಟೀಚರ್ ಅಕ್ಕನ ಮನೆಯಲ್ಲಿ. ಅವರೂ ಅವರ ಮನೆಯವರೂ ಕಾರಾ, ಅಂದರೆ ದತ್ತು ಕೊಡುವುದನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯ ಮೂಲಕ 6 ವರ್ಷದ ಮಗಳನ್ನು ದತ್ತು ತೆಗೆದುಕೊಂಡವರು. ಅಕ್ಕ ಅಂದರು, "ಕಳವು ಅನ್ನಬೇಡ. ನಾಳೆ ಸಿಗ್ತದೋ ಇಲ್ಲೋ ಅಂತ ಕೂಡಿಡ್ತಾಳ. ನಮ್ಮಾಕಿನೂ ಬಿಸ್ಕಿಟ್ ಇಡ್ತಿದ್ದಳು. ಅವಳ ಕೈಗೆ ಎಟುಕೋ ಹಂಗ ಒಂದು ಡಬ್ಬಿ ಇಡು, ಎಂದೂ ಖಾಲಿ ಆಗದಂಗ ನೋಡ್ಕೋ." ಮರುದಿನವೇ ದೊಡ್ಡ ಡಬ್ಬಿ ತುಂಬ ಖಡಕ್ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿ ಇಟ್ಟೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲವಲ್ಲ. ಮೊದಲ ತಿಂಗಳು ದಿನಾ ನಾಲ್ಕೈದು ಸಲ ಮುಚ್ಚಳ ತೆಗೆದು ನೋಡುತ್ತಿದ್ದಳು, ತಿನ್ನುತ್ತಿರಲಿಲ್ಲ, ಸುಮ್ನೆ ನೋಡಿ ಮುಚ್ಚುತ್ತಿದ್ದಳು. ನಮ್ಮ ಅತ್ತಿ ಎಪ್ಪತ್ತು ದಾಟಿದವರು, ವಾರಕ್ಕೊಮ್ಮೆ ಕೂತು ಆ ಡಬ್ಬಿಗಾಗಿಯೇ ರೊಟ್ಟಿ ಬಡಿದರು. ಒಂದು ದಿನವೂ ಸಾಕು ಅನ್ನಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಟೀಚರ್ ಅಕ್ಕನ ಮನೆಗೆ ದತ್ತು ಆದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ಮಗು ಹೇಗಿದೆ ಅಂತ ನೋಡಿ ಹೋದರು. ಬಂದವರ ಹತ್ತಿರ ಅವರು ತಮ್ಮ ಕಷ್ಟನೂ ಹೇಳಿಕೊಂಡರು. ನಮ್ಮಂಥ ದೊಡ್ಡವ್ವ, ಸೋದರಮಾವ, ಅಜ್ಜಿಯರ ಮನೆಯಲ್ಲಿ ಬೆಳೆಯುವ ಮಕ್ಕಳ ಬಗ್ಗೆ ಎಲ್ಲರೂ "ನಿಮ್ಮ ರಕ್ತನೇ ಅಲ್ವಾ" ಅಂದು ಸುಮ್ಮನಾಗುತ್ತಾರೆ. ರಕ್ತ ಒಂದೇ ಆದರೂ ಆ ಮಕ್ಕಳು ಕಂಡದ್ದನ್ನು ಕಂಡೇ ಬಂದಿರುತ್ತಾರೆ. ನಾವೂ ಅಷ್ಟೇ, ತಂಗಿಯ ಮಕ್ಕಳಿಗೆ ಅನ್ನ ಹಾಕಲು ಯಾರನ್ನಾದರೂ ಕೇಳುವುದಾ ಅಂತ ಬಾಯಿ ಬಿಡುವುದಿಲ್ಲ. ನಾನು ಎಂಟು ತಿಂಗಳು ಬಾಯಿ ಬಿಡಲಿಲ್ಲ, ಗೋದಾಮಿನ ಮಾಲೀಕರ ಹತ್ತಿರ ಮುಂಗಡ ತೆಗೆದು ತೆಗೆದು ಸಾಲ ಮಾಡಿದೆ.

ಬಾಯಿ ಬಿಡಿಸಿದ್ದು ನಮ್ಮ ಅಂಗನವಾಡಿ ಟೀಚರ್. ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರದ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ, ಬಂಧುಗಳ ಮನೆಯಲ್ಲಿ ಬೆಳೆಯುವ ಇಂಥ ಮಕ್ಕಳಿಗೆ ತಲಾ ತಿಂಗಳಿಗೆ 4,000 ರೂಪಾಯಿ ಬರುತ್ತದೆ, ಮನೆಯ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ದಾಟಿರಬಾರದು ಅಂತ ಹೇಳಿದವರು ಅವರೇ. ಬರೀ ಹೇಳಲಿಲ್ಲ, ಆದಾಯ ಪತ್ರಕ್ಕೆ, ಬ್ಯಾಂಕ್ ಖಾತೆಗೆ, ತಂಗಿಯ ಮರಣ ಪತ್ರಕ್ಕೆ ನನ್ನ ಜೊತೆ ಓಡಾಡಿದರು. ಮಂಜೂರಾದ ದಿನ ನಾನು ಮಾಡಿದ ಮೊದಲ ಕೆಲಸ, ಹುಡುಗಿಗೆ ಕನ್ನಡಕ ಮಾಡಿಸಿದ್ದು. ಅಲ್ಲಿತನಕ ಅವಳಿಗೆ ಬೋರ್ಡ್ ಕಾಣುತ್ತಿಲ್ಲ ಅಂತಲೇ ನನಗೆ ಗೊತ್ತಿರಲಿಲ್ಲ.

ಶಾಲೆಯ ವಿಷಯ ಜಾಸ್ತಿ ಎಳೆಯುವುದಿಲ್ಲ. ಒಂದು ಕಡೆ ಟಿಸಿ ಇಲ್ಲ ಅಂತ ವಾಪಸ್ ಕಳಿಸಿದರು, "ಬಾಲಮಂದಿರದ ಹುಡುಗಿ" ಅಂತ ಅವಳ ಎದುರಿಗೇ ಅಂದರು. ಇನ್ನೊಂದು ಶಾಲೆಯ ಹೆಡ್‌ಮಾಸ್ತರರು, ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೇ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಅಂತ ಅವತ್ತೇ ಹೆಸರು ಬರೆದುಕೊಂಡರು. ಸರ್, ನಿಮ್ಮ ಉಪಕಾರ ಮರೆಯುವುದಿಲ್ಲ.

ದತ್ತು ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಎಷ್ಟೋ ಜನ ಕೇಳುತ್ತಾರೆ. ಬಂಧುಗಳ ಮಕ್ಕಳನ್ನೂ ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಬಹುದು, ಈಗ ಆದೇಶವನ್ನು ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಆದರೆ ಅವರಪ್ಪ ಇದ್ದಾನೆ, ಈಗೀಗ ಫೋನ್ ಮಾಡುತ್ತಾನೆ, ಹುಡುಗ ಮಾತಾಡುತ್ತಾನೆ. ಹುಡುಗಿಯನ್ನೂ ಕೇಳಿದೆ. "ನೀ ದೊಡ್ಡವ್ವನೇ ಇರು. ಅವ್ವನ ಹೆಸರು ಹಂಗೇ ಇರಲಿ" ಅಂದಳು. ಇರಲಿ. ನನಗೆ ಅದರಲ್ಲಿ ಏನೂ ಕಡಿಮೆ ಆಗಿಲ್ಲ.

ಕೊನೆಗೆ ನನ್ನ ಸ್ವಂತ ಮಗನಿಗೆ. ಅವನಿಗೆ ಆಗ 13. ಮಲಗುವ ಜಾಗ ಹೋಯಿತು, ಸೈಕಲ್ ಕೊಡಿಸುತ್ತೇನೆ ಅಂದದ್ದು ಹೋಯಿತು, ನಾನು ಅವನ ಮುಖ ನೋಡುವುದೂ ಕಡಿಮೆಯಾಯಿತು. ಒಂದು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಚಿಕ್ಕವನು ಹಾಸಿಗೆ ಒದ್ದೆ ಮಾಡಿದ ರಾತ್ರಿಗಳಲ್ಲಿ ನನ್ನನ್ನು ಎಬ್ಬಿಸದೆ ಚಾದರ ಬದಲಿಸಿದ್ದು ಅವನೇ, ಅದು ನನಗೆ ಗೊತ್ತಾದದ್ದು ತಿಂಗಳುಗಳ ಮೇಲೆ. ಮಗಾ, ಈ ಬರಹದಲ್ಲಿ ಎಲ್ಲರಿಗಿಂತ ಜಾಸ್ತಿ ಋಣ ನಿನ್ನದು.

ಭಾಗ್ಯನಗರ, ಕೊಪ್ಪಳದ ಸುತ್ತಮುತ್ತ ಅಕ್ಕತಂಗಿಯರ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಸಾಕುತ್ತಿರುವವರು ಯಾರಾದರೂ ಇದ್ದರೆ ಬನ್ನಿ. ಮಧ್ಯಾಹ್ನ ಎರಡರ ಮೇಲೆ ನಾನು ಮನೆಯಲ್ಲೇ ಕೂದಲು ಬಿಡಿಸುತ್ತಾ ಕೂತಿರುತ್ತೇನೆ. ಅರ್ಜಿಯ ಜೆರಾಕ್ಸ್ ಇಟ್ಟುಕೊಂಡಿದ್ದೇನೆ, ಯಾವ ಯಾವ ಕಾಗದ ಬೇಕು ಅಂತ ಹುಡುಗಿಯೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ಕಚೇರಿಗೂ ಜೊತೆಗೆ ಬರುತ್ತೇನೆ.