ಕ್ಯಾಶ್ ಎರಡು, ಕಾಸು ಒಂದೇ

ಕ್ಯಾಂಟರ್‌ಬರಿ, ಇಂಗ್ಲೆಂಡ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರಾಮ. ಅಮ್ಮನ ಮಂಡಿನೋವು ಈಗ ಹೇಗಿದೆ? ಮಳೆ ಶುರುವಾದ ಮೇಲೆ ಜಾಸ್ತಿ ಆಗಿರಬೇಕು, ಎಣ್ಣೆ ಹಚ್ಚುವುದನ್ನು ಬಿಡಬೇಡ ಅಂತ ಹೇಳಿ.

ಇಂಗ್ಲಿಷಿನ ಕ್ಯಾಶ್ ನಮ್ಮ ಕಾಸಿನಿಂದಲೇ ಹುಟ್ಟಿದ್ದು ಅಂತ ಯಾರೋ ಹೇಳಿದರು, ನಿಜವಾ ಅಂತ ಕೇಳಿದ್ದಿರಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅರ್ಧ ನಿಜ, ಆದರೆ ಆ ಅರ್ಧವೇ ಬಹಳ ಚೆನ್ನಾಗಿದೆ.

ಅಂಗಡಿಯಲ್ಲಿ ಎಣಿಸಿ ಕೊಡುವ ಕ್ಯಾಶ್ ನಮ್ಮದಲ್ಲ ಅಪ್ಪ. ಇಟಲಿಯವರ ಕಾಸ್ಸಾ, ಫ್ರೆಂಚರ ಕೆಸ್, ಇವೆರಡಕ್ಕೂ ಪೆಟ್ಟಿಗೆ ಅಂತ ಅರ್ಥ. ಮೂಲ ಲ್ಯಾಟಿನ್ನಿನ ಕಾಪ್ಸಾ. 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ದುಡ್ಡಿಡುವ ಪೆಟ್ಟಿಗೆಗೂ ಕ್ಯಾಶ್, ಒಳಗಿನ ದುಡ್ಡಿಗೂ ಕ್ಯಾಶ್. ನಮ್ಮ ಅಂಗಡಿಯಲ್ಲಿ ನೀವು "ಗಲ್ಲಾ ಎಷ್ಟಾಯ್ತು?" ಅಂತ ಕೇಳುತ್ತಿದ್ದಿರಲ್ಲ, ಹಾಗೇ. ಬರಬರುತ್ತಾ ಪೆಟ್ಟಿಗೆ ಅನ್ನುವ ಅರ್ಥ ಬಿದ್ದುಹೋಯಿತು, ದುಡ್ಡು ಉಳಿಯಿತು. ಕ್ಯಾಶಿಯರ್ ಕೂಡ ಅದೇ ಮನೆತನದವನು.

ಆದರೆ ಇಂಗ್ಲಿಷ್ ನಿಘಂಟಿನಲ್ಲಿ ಇನ್ನೊಂದು ಕ್ಯಾಶ್ ಇದೆ. ನೋಡಲು ಒಂದೇ, ಹುಟ್ಟು ಬೇರೆ. ಸಣ್ಣ ತಾಮ್ರದ ನಾಣ್ಯ ಅಂತ ಅದರ ಅರ್ಥ. ಇದು ನಮ್ಮ ಕಡೆಯ ಕಾಸು! ನಿಘಂಟುಗಳು ತಮಿಳಿನ ಹೆಸರು ಹೇಳುತ್ತವೆ, ನಮ್ಮಲ್ಲೂ ಅದೇ ಕಾಸು ತಾನೇ. ಪೋರ್ಚುಗೀಸರು ಇದನ್ನು ಕೇಳಿ ಕೈಷಾ ಅಂತ ಬರೆದುಕೊಂಡರು. ಅವರ ಭಾಷೆಯಲ್ಲಿ ಕೈಷಾ ಅಂದರೆ ಪೆಟ್ಟಿಗೆ, ಅದೂ ಆ ಲ್ಯಾಟಿನ್ ಕಾಪ್ಸಾದಿಂದಲೇ ಬಂದದ್ದು. ಹೀಗೆ ಸಂಬಂಧವೇ ಇಲ್ಲದ ಎರಡು ಮಾತು ಅವರ ಬಾಯಲ್ಲಿ ಬೆರೆತವು. ಇಂಗ್ಲಿಷರು ಅವರಿಂದ ಕಲಿತು ಕ್ಯಾಶ್ ಅಂದರು. ಮುಂದೆ ಚೀನಾದ ಚೌಕ ತೂತಿನ ನಾಣ್ಯಕ್ಕೂ ಅದೇ ಹೆಸರು ಅಂಟಿತು. ನಮ್ಮ ಕಾಸು ಅಷ್ಟು ದೂರ ಹೋಯಿತಲ್ಲ ಅಂತ ನನಗೆ ನಿಜಕ್ಕೂ ಹೆಮ್ಮೆ.

ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಲೆಕ್ಕವೂ ಇದೇ ಕಾಸಿನದು. 80 ಕಾಸಿಗೆ ಹಣ ಅನ್ನುವ ಒಂದು ನಾಣ್ಯ, ಅಂಥ 42 ಹಣಕ್ಕೆ ಒಂದು ಚಿನ್ನದ ವರಹ. ತಲೆಕೆಡಿಸುವ ಲೆಕ್ಕ, ಅಲ್ವಾ? 1818ರಲ್ಲಿ ರೂಪಾಯಿ ಬಂದು ಅದು ಹೋಯಿತು.

ಆ ಕಾಸನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ ಅಪ್ಪ. ಇಲ್ಲಿಗೆ ಹತ್ತಿರ ಡೀಲ್ ಅಂತ ಸಮುದ್ರದಂಡೆಯ ಊರು. ಅಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಿಕ್ಕಿತು. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಬರೀ ತಾಮ್ರ. ಒಂದು ಮುಖದಲ್ಲಿ ಎರಡು ಸಿಂಹ ಹಿಡಿದ ಕಂಪನಿಯ ಲಾಂಛನ, ಕೆಳಗೆ 1808. ಇನ್ನೊಂದರಲ್ಲಿ ಪಾರ್ಸಿ ಅಕ್ಷರ, "ಇಪ್ಪತ್ತು ಕಾಸು ನಾಲ್ಕು ಫಲೂಸ್" ಅಂತ. ಫಲೂಸ್ ಅಂದರೂ ತಾಮ್ರದ ನಾಣ್ಯವೇ. ಅದರಡಿ ಇಂಗ್ಲಿಷಿನಲ್ಲಿ ಕ್ಯಾಶ್. ಉಪ್ಪುನೀರು ತಿಂದು ಅಂಚು ಸವೆದಿತ್ತು.

ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಒತ್ತಿ, ಅಡ್ಮಿರಲ್ ಗಾರ್ಡನರ್ ಅನ್ನುವ ಹಡಗಿಗೆ ಹೇರಿ ಮದ್ರಾಸಿಗೆ ಕಳಿಸಿದ್ದ ನಾಣ್ಯಗಳವು. 1809ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಡೀಲ್ ಎದುರಿನ ಗುಡ್‌ವಿನ್ ಮರಳುದಿಬ್ಬದಲ್ಲಿ ಒಡೆಯಿತು. 1980ರ ದಶಕದಲ್ಲಿ ಮುಳುಗುಗಾರರು ರಾಶಿರಾಶಿ ಎತ್ತಿದರು. ಅದಕ್ಕೇ ಇಲ್ಲಿ ಸುಲಭಕ್ಕೆ ಸಿಗುತ್ತವೆ. ನಮ್ಮ ಕಡೆಯ ಸಂತೆಯಲ್ಲಿ ಸೊಪ್ಪು, ಉಪ್ಪು ಕೊಳ್ಳಬೇಕಿದ್ದ ಕಾಸು ಇಲ್ಲೇ ನಿಂತುಹೋಯಿತಲ್ಲ ಅಂತ ಅನಿಸಿತು. ಕೊಂಡುಕೊಂಡಿದ್ದೇನೆ, ಬರುವಾಗ ನಿಮಗೆ ತರುತ್ತೇನೆ.

ಈಗ ನಿಮಗೊಂದು ಕೆಲಸ. ಮುಮ್ಮಡಿ ಕೃಷ್ಣರಾಜ ಒಡೆಯರೂ ಇಂಥ ತಾಮ್ರದ ನಾಣ್ಯ ಹೊರಡಿಸಿದ್ದರು. ಕನ್ನಡದಲ್ಲಿ "ಮಯಿಲಿ ಕಾಸು", ಜೊತೆಗೇ ಇಂಗ್ಲಿಷಿನಲ್ಲಿ ಕ್ಯಾಶ್. ಒಂದೇ ನಾಣ್ಯದಲ್ಲಿ ಎರಡೂ! ಕೆಲವದರಲ್ಲಿ ಆನೆ, ಕೆಲವದರಲ್ಲಿ ಸಿಂಹ. ಅಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಹಳೇ ಬಿಲ್ಲೆಗಳಿದ್ದವಲ್ಲ, ಅದರಲ್ಲಿ ಇದೆಯಾ ನೋಡಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದು, ಎರಡೂ ಮುಖದ ಫೋಟೊ ತೆಗೆದು ವಾಟ್ಸಾಪ್ ಮಾಡಿ.

ಅಮ್ಮನಿಗೆ ನಮಸ್ಕಾರ, ಪುಟ್ಟನಿಗೆ ಮುತ್ತು.

ನಿಮ್ಮ ಮಗಳು,
ಸುಮಾ