ಮೀನು, ಆಮೆ ಸಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿನಲ್ಲಿ ಸತ್ತ ಮೀನಿನ ಫೋಟೊ ಮೂರು ಮನೆಗಳಿಂದ ಬಂದವು. ನೋಡಿ ಬೇಜಾರಾಯ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಿಜಯಪುರದ ಬೋರ್ ನೀರು ಗಡಸು, ಅಂದರೆ ಸುಣ್ಣದಂಥ ಲವಣ ಜಾಸ್ತಿ. ಟ್ಯಾಂಕಿನ ಗಾಜಿಗೆ ಬಿಳಿ ಗೆರೆ ಕೂರುತ್ತದಲ್ವಾ, ಅದೇ ಗುರುತು. ಗಪ್ಪಿ, ಮೋಲಿ ಇದರಲ್ಲಿ ಚೆನ್ನಾಗಿರುತ್ತವೆ. ನಿಯಾನ್ ಟೆಟ್ರಾ, ಡಿಸ್ಕಸ್ ಮೆದು ನೀರಿನವು, ಚಂದ ಕಂಡವೆಂದು ಸುಮ್ನೆ ತರಬೇಡಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಬಾಯಿ ತೆರೆದ ಬಕೆಟ್‌ನಲ್ಲಿ 24 ಗಂಟೆ ಬಿಡಿ. ಒಮ್ಮೆಲೇ ಪೂರ್ತಿ ನೀರು ಬದಲಿಸಬೇಡಿ, ವಾರಕ್ಕೆ ಕಾಲು ಭಾಗ ಸಾಕು.

ಮೀನಿನ ಜೊತೆ ಆಮೆ ಮಾತ್ರ ಬೇಡವೇ ಬೇಡ. ನಮ್ಮನೆಯ ಕೆಂಪು ಕಿವಿಯ ಆಮೆ ಅಂಗೈಯಷ್ಟೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಗೋಲ್ಡ್ ಫಿಶ್‌ನ ಬಾಲ ಅರ್ಧ ಇಲ್ಲ, ಪಾಪ ಓರೆಯಾಗಿ ಈಜುತ್ತಿತ್ತು. ಆಮೆಗೆ ಬೇರೆ ತೊಟ್ಟಿ, ಹತ್ತಿ ಮೈ ಒಣಗಿಸಿಕೊಳ್ಳಲು ಕಲ್ಲು, ಬಿಸಿಲು ಬೇಕು. ಸಾಕಲಾಗದಿದ್ದರೆ ಭೂತನಾಳ ಕೆರೆಗೆ ಬಿಡಬೇಡಿ. ಈ ಕೆಂಪು ಕಿವಿಯ ಆಮೆ ಅಮೆರಿಕದ ಜೀವಿ, ನಮ್ಮ ಆಮೆಗಳ ಆಹಾರಕ್ಕೆ ಕುತ್ತು. ನಕ್ಷತ್ರ ಆಮೆಯನ್ನು ಯಾರು ಕೊಟ್ಟರೂ ತಗೋಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮನೆಯಲ್ಲಿಡುವುದೇ ಅಪರಾಧ.

ಹೊಸ ಮೀನು ತರುವ ಮೊದಲು ಟ್ಯಾಂಕಿನ ಅಳತೆ, ಈಗಿರುವ ಮೀನುಗಳ ಹೆಸರು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.