ಆ ತಲೆಬರಹ ತೆಗೆದುಬಿಡು

ಬಸವನಗುಡಿ, ಬೆಂಗಳೂರು

ಪ್ರೀತಿಯ ತಂಗಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಪುಟ್ಟ ಗೆಲಾಕ್ಸಿಗಳ ಬಗ್ಗೆ ಕನ್ನಡದಲ್ಲಿ ಇಷ್ಟು ಆಸೆಯಿಂದ ಬರೆದಿದ್ದೀಯ, ತುಂಬಾ ಖುಷಿಯಾಯಿತು. ಆದರೆ ‘ಡಾರ್ಕ್ ಮ್ಯಾಟರ್ ಸಿದ್ಧಾಂತ ಕುಸಿಯಿತು’ ಎಂಬ ತಲೆಬರಹ ತೆಗೆದುಬಿಡು. ಬೆಳಕು ಬೀರದ, ಸೆಳೆತದಿಂದ ಮಾತ್ರ ಗೊತ್ತಾಗುವ ಆ ವಸ್ತುವಿನ ಕಥೆ ಅಷ್ಟು ಸುಲಭಕ್ಕೆ ಮುಗಿದಿಲ್ಲ.

ನೀನು ನೆಚ್ಚಿಕೊಂಡಿರುವುದು 1999ರ ಲೆಕ್ಕವನ್ನು. ನಮ್ಮ ಹಾಲುಹಾದಿಯಂಥ ಗೆಲಾಕ್ಸಿಯ ಸುತ್ತ ಡಾರ್ಕ್ ಮ್ಯಾಟರ್‌ನ ನೂರಾರು ಉಂಡೆಗಳು ಇರಬೇಕು ಅಂತ ಕಂಪ್ಯೂಟರ್ ಲೆಕ್ಕ ಹೇಳಿತು. ಅಂಥ ಉಂಡೆಯೊಳಗೆ ಒಂದು ಪುಟ್ಟ ಗೆಲಾಕ್ಸಿ ಇರಬೇಕು ಅಂತ ಎಣಿಕೆ. ಆದರೆ ಆಗ ಗೊತ್ತಿದ್ದ ಪುಟ್ಟ ಗೆಲಾಕ್ಸಿಗಳು ಹತ್ತು ಹನ್ನೆರಡು ಅಷ್ಟೆ. ಉಳಿದವು ಎಲ್ಲಿ? ಪ್ರಶ್ನೆ ದೊಡ್ಡದೇ. ನೀನು ಒಂದು ಕೆಲಸ ಮಾಡು. ರಾತ್ರಿ ಕರೆಂಟ್ ಹೋದಾಗ ಟೆರೇಸ್ ಹತ್ತಿ ಸುತ್ತಲಿನ ಮನೆಗಳನ್ನು ಎಣಿಸು. ಯುಪಿಎಸ್ ಇರುವ ಮನೆಗಳು ಮಾತ್ರ ಲೆಕ್ಕಕ್ಕೆ ಸಿಗುತ್ತವೆ, ಅಲ್ವಾ? ದೂರದ ಮೇಣದಬತ್ತಿ ಕಾಣಬೇಕಾದರೆ ಬೈನಾಕ್ಯುಲರ್ ಬೇಕು. ದೀಪವೇ ಹಚ್ಚದ ಮನೆ ಅದರಲ್ಲೂ ಕಾಣುವುದಿಲ್ಲ.

ಆಕಾಶದಲ್ಲಿ ಎರಡೂ ಆಗಿದೆ. ದೂರದರ್ಶಕದಿಂದ ಆಕಾಶವನ್ನು ಜಾಲಾಡಿದ ಸ್ಲೋನ್ ಸಮೀಕ್ಷೆ, ಆಮೇಲೆ ಡಾರ್ಕ್ ಎನರ್ಜಿ ಸಮೀಕ್ಷೆ ಮಬ್ಬು ಗೆಲಾಕ್ಸಿಗಳನ್ನು ಹುಡುಕಿ ತೆಗೆದವು. ಈಗ ಎಣಿಕೆ 60ರ ಆಚೀಚೆ ಇದೆ. ಇನ್ನು ತೀರಾ ಸಣ್ಣ ಉಂಡೆಗಳು. ಮೊದಮೊದಲ ನಕ್ಷತ್ರಗಳ ಬೆಳಕು ಸುತ್ತಲಿನ ಅನಿಲವನ್ನು ಕಾಯಿಸಿದಾಗ, ಆ ಅನಿಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅವಕ್ಕೆ ಇರಲಿಲ್ಲ. ಅನಿಲವಿಲ್ಲದೆ ನಕ್ಷತ್ರ ಹುಟ್ಟುವುದಿಲ್ಲ.

ಸೆಗ್ಯೂ 1 ಎಂಬ ಗೆಲಾಕ್ಸಿಯನ್ನು ನೀನು ಒಂದೇ ಸಾಲಲ್ಲಿ ದಾಟಿದ್ದೀಯ. ಅಲ್ಲಿ ನಿಲ್ಲು. ಅದರ ಒಟ್ಟು ಬೆಳಕು ಕೆಲವು ನೂರು ಸೂರ್ಯರಷ್ಟು. ಅದರ ನಕ್ಷತ್ರಗಳ ವೇಗದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ಏರುಪೇರಿದೆ. ಕೇಳಲು ಕಡಿಮೆ. ಆದರೆ ಅಷ್ಟು ವೇಗವನ್ನು ತಡೆಯಲು ಕಾಣುವ ನಕ್ಷತ್ರಗಳ ಸೆಳೆತ ಸಾಲದು. ಎಲ್ಲವೂ ಎಂದೋ ಚೆದುರಿಹೋಗಬೇಕಿತ್ತು. ಹಿಡಿದಿಡಲು ಲಕ್ಷಗಟ್ಟಲೆ ಸೂರ್ಯರ ತೂಕ ಬೇಕು! ಕಾಣದ ಆ ತೂಕವೇ ಡಾರ್ಕ್ ಮ್ಯಾಟರ್ ಅನ್ನುವುದು. ಇದನ್ನು ಓದುಗರಿಗೆ ನಿಧಾನವಾಗಿ ಬಿಡಿಸಿ ಹೇಳು. ನಿನ್ನ ಲೇಖನದ ಜೀವ ಇಲ್ಲಿದೆ ಕಣಮ್ಮ.

ಇನ್ನೊಂದು ಮಾತು ನಿನ್ನಲ್ಲಿ ಬಿಟ್ಟುಹೋಗಿದೆ. ಡಾರ್ಕ್ ಮ್ಯಾಟರ್ ಕಣಗಳು ಹಗುರವಾಗಿದ್ದು, ಶುರುವಿನಲ್ಲಿ ಜೋರಾಗಿ ಓಡಾಡುತ್ತಿದ್ದರೆ ಸಣ್ಣ ಉಂಡೆಗಳು ಕಟ್ಟಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಹೊಸದಾಗಿ ಸಿಗುವ ಪ್ರತಿ ಪುಟ್ಟ ಗೆಲಾಕ್ಸಿಯೂ ಅಂಥ ಹಗುರ ಕಣಗಳ ವಾದವನ್ನು ಇಕ್ಕಟ್ಟಿಗೆ ತಳ್ಳುತ್ತದೆ. ‘ಯಾಕಿಷ್ಟು ಕಡಿಮೆ’ ಅಂತ ಶುರುವಾದ ಕಥೆ ಎಲ್ಲಿಗೆ ಬಂತು ನೋಡು.

ಹಾಗಂತ ಎಲ್ಲ ಸರಿಹೋಯಿತು ಅಂತಲೂ ಬರೆಯಬೇಡ. ನಮ್ಮ ನೆರೆಯ ದೊಡ್ಡ ಗೆಲಾಕ್ಸಿ ಆಂಡ್ರೊಮಿಡಾದ ಸುತ್ತಲಿನ ಪುಟ್ಟ ಗೆಲಾಕ್ಸಿಗಳಲ್ಲಿ ಸುಮಾರು ಅರ್ಧದಷ್ಟು ತೆಳುವಾದ ತಟ್ಟೆಯಲ್ಲಿ ಜೋಡಿಸಿದ ಹಾಗಿವೆ ಅಂತ 2013ರಲ್ಲಿ ಗೊತ್ತಾಯಿತು. ಕಂಪ್ಯೂಟರ್ ಲೆಕ್ಕದಲ್ಲಿ ಇಂಥ ಜೋಡಣೆ ಸುಲಭಕ್ಕೆ ಸಿಗುವುದಿಲ್ಲ. ಯಾಕೆ ಹೀಗೆ ಎಂಬ ವಾದ ಇನ್ನೂ ನಡೆದಿದೆ. ನಡೆದಿದೆ ಅಂತಲೇ ಬರೆ. ಮತ್ತೆ, ಪುಟ್ಟ ಗೆಲಾಕ್ಸಿಗೆ ‘ಕುಬ್ಜ ಉಪಗ್ರಹ ತಾರಾಸಮೂಹ’ ಅಂತೆಲ್ಲ ಸುಮ್ನೆ ಭಾರ ಹೇರಬೇಡ.

ಜನವರಿ ಕೊನೆಯಲ್ಲಿ ಕನಕಪುರದ ಆಚೆ, ದೀಪ ಕಡಿಮೆ ಇರುವ ಕಡೆ ಹೋಗೋಣ. ರಾತ್ರಿ ಒಂಬತ್ತರ ಹೊತ್ತಿಗೆ ದೊಡ್ಡ ಮೆಜೆಲಾನಿಕ್ ಮೋಡ ದಕ್ಷಿಣ ದಿಗಂತದಿಂದ ಬರೀ 8 ಡಿಗ್ರಿ ಮೇಲೆ ಇರುತ್ತದೆ. ಅದೂ ಹಾಲುಹಾದಿಯ ಜೊತೆಗಾರ ಗೆಲಾಕ್ಸಿಯೇ. ಮಂಜಿಲ್ಲದಿದ್ದರೆ ಸಿಗಬಹುದು. ತಿದ್ದಿದ ಪ್ರತಿ ತಂದಿರು, ದಾರಿಯಲ್ಲಿ ಓದುತ್ತೇನೆ.

ನಿನ್ನ ಅಕ್ಕ